ಆಡದವರು ಕೊಟ್ಟ ಕಾಸು

ಪದವಿ ಕಾಲೇಜಿಗೆ ಮಗನನ್ನೋ ಮಗಳನ್ನೋ ಸೇರಿಸಿ ಬಂದ ತಂದೆ ತಾಯಿ ಶುಲ್ಕದ ರಸೀದಿಯನ್ನು ಮಡಿಸಿ ಬೀರುವಿನಲ್ಲಿ ಇಡುತ್ತಾರೆ. ಕೆಳಗಿನ ಮೊತ್ತವನ್ನು ನೋಡಿರುತ್ತಾರೆ, ನಡುವಿನ ಸಾಲುಗಳನ್ನು ಓದಿರುವುದಿಲ್ಲ. ಪ್ರವೇಶ ಶುಲ್ಕ, ಗ್ರಂಥಾಲಯ, ಪ್ರಯೋಗಾಲಯ, ವಾಚನಾಲಯ, ಗುರುತಿನ ಚೀಟಿ, ವೈದ್ಯಕೀಯ ತಪಾಸಣೆ ಎಂಬ ಬಾಬತ್ತುಗಳ ನಡುವೆ ಒಂದು ಸಾಲು ಕ್ರೀಡಾ ಶುಲ್ಕದ್ದು. ಕೆಲವು ರಸೀದಿಗಳಲ್ಲಿ ಅದು ಎರಡು ಕಡೆ ಕಾಣಿಸುತ್ತದೆ. ಒಂದು ಕಾಲೇಜಿನಲ್ಲಿ ಉಳಿಯುವ ಹಣ, ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋಗುವ ಹಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಾಲೇಜು ಹುಡುಗ ಹುಡುಗಿಯರು ಆಡುವ ಪ್ರತಿ ಕಬಡ್ಡಿ, ಖೋಖೋ, ವಾಲಿಬಾಲ್ ಪಂದ್ಯದ ಬೇರು ಈ ಸಣ್ಣ ಸಾಲಿನಲ್ಲಿದೆ.

ಈ ಹಣ ಕೊಡುವವರಲ್ಲಿ ಬಹುಪಾಲು ಮಂದಿ ಮೂರು ವರ್ಷದಲ್ಲಿ ಒಮ್ಮೆಯೂ ಅಂಕಣಕ್ಕೆ ಇಳಿಯುವುದಿಲ್ಲ. ಅವರಿಗೆ ಆಸೆ ಇಲ್ಲವೆಂದಲ್ಲ. ಹಳ್ಳಿಯಿಂದ ಬರುವ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಸಂಜೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಹಾಲು ಕರೆಯುವವರಿಲ್ಲ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವವರಿಲ್ಲ. ಹುಳ ನಾಲ್ಕನೇ ಜ್ವರ ಎದ್ದ ಮನೆಯ ಮಗಳಿಗೆ ಸಂಜೆ ಐದರ ತನಕ ಅಭ್ಯಾಸಕ್ಕೆ ನಿಲ್ಲು ಎಂದು ಹೇಳುವುದು ಯಾವ ಮೇಷ್ಟರಿಗೂ ಸುಲಭವಲ್ಲ. ಅವಳು ಶುಲ್ಕ ಕಟ್ಟುತ್ತಾಳೆ, ಮನೆಗೆ ಹೋಗುತ್ತಾಳೆ. ಅವಳು ಕಟ್ಟಿದ ಹಣದಲ್ಲಿ ಅವಳ ತರಗತಿಯ ಮತ್ತೊಬ್ಬಳು ಆಡುತ್ತಾಳೆ.

ಇದರಲ್ಲಿ ಅನ್ಯಾಯವೇನೂ ಇಲ್ಲ. ಗ್ರಂಥಾಲಯದ ಶುಲ್ಕ ಕಟ್ಟಿದವರೆಲ್ಲ ಪುಸ್ತಕ ಒಯ್ಯುವುದಿಲ್ಲ. ಹತ್ತು ಜನರ ಕಾಸು ಸೇರಿ ಒಬ್ಬರ ಶಕ್ತಿ ಅರಳುವುದು ವಿದ್ಯಾಸಂಸ್ಥೆಯ ಹಳೆಯ ಧರ್ಮ. ನನ್ನ ತಕರಾರು ಬೇರೆ. ಕೊಟ್ಟವರಿಗೆ ತಾವು ಕೊಟ್ಟದ್ದು ಗೊತ್ತಿಲ್ಲ. ಆಡುವವರಿಗೆ ಅದು ಪೂರ್ತಿ ತಲುಪಿತೇ ಎಂಬುದೂ ಗೊತ್ತಿಲ್ಲ. ನಡುವೆ ಇರುವ ಲೆಕ್ಕದ ಪುಸ್ತಕವನ್ನು ಇಬ್ಬರೂ ನೋಡಿಲ್ಲ.

ಕಾಲೇಜು ಕ್ರೀಡೆಯಿಂದ ನಮ್ಮಲ್ಲಿ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಅಂತರ ಕಾಲೇಜು ಕಬಡ್ಡಿ ಫೈನಲ್‌ಗೆ ಟಿಕೆಟ್ ಇಲ್ಲ, ಟಿವಿಯವರು ಬರುವುದಿಲ್ಲ. ಸೋತ ತಂಡಗಳ ಹುಡುಗರು, ಮುಂದಿನ ಬಸ್ಸಿಗೆ ಇನ್ನೂ ಹೊತ್ತಿರುವವರು, ಆತಿಥೇಯ ಕಾಲೇಜಿನ ಒಂದಷ್ಟು ವಿದ್ಯಾರ್ಥಿಗಳು, ಇವರೇ ಪ್ರೇಕ್ಷಕರು. ಪೂರ್ತಿ ಖರ್ಚೇ ಆಗಿರುವ ಈ ವ್ಯವಹಾರದಲ್ಲಿ ದುಡ್ಡು ಎಲ್ಲಿಂದ ಬರುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಆರುನೂರು ವಿದ್ಯಾರ್ಥಿಗಳಿರುವ ಒಂದು ಕಾಲೇಜನ್ನು ಕಲ್ಪಿಸಿಕೊಳ್ಳಿ. ಒಬ್ಬರಿಗೆ ನೂರು ರೂಪಾಯಿಯಂತೆ ಕ್ರೀಡೆಗೆ ಉಳಿಯಿತು ಎನ್ನಿ. ವರ್ಷಕ್ಕೆ 60,000 ರೂಪಾಯಿ. ಕಬಡ್ಡಿ ತಂಡಕ್ಕೆ 12 ಜನ, ವಾಲಿಬಾಲ್‌ಗೆ 12 ಜನ. ನಾಲ್ಕು ಆಟಗಳಿಗೆ ಗಂಡುಮಕ್ಕಳ ತಂಡ, ಹೆಣ್ಣುಮಕ್ಕಳ ತಂಡ ಎರಡನ್ನೂ ಕಟ್ಟಿದರೆ 96 ಮಂದಿ ಆಗುತ್ತಾರೆ. ಅಥ್ಲೆಟಿಕ್ಸ್ ಸೇರಿದರೆ ನೂರು ದಾಟುತ್ತದೆ. ಒಬ್ಬರಿಗೆ 500 ರೂಪಾಯಿಯ ಒಂದು ಜೊತೆ ಜರ್ಸಿ, ಚಡ್ಡಿ ಕೊಟ್ಟರೆ 50,000 ಹೋಯಿತು. ಉಳಿದ ಹತ್ತು ಸಾವಿರದಲ್ಲಿ ಚೆಂಡು, ನೆಟ್ಟು, ಪಂದ್ಯಗಳ ಪ್ರವೇಶ ಶುಲ್ಕ, ಬಸ್ಸಿನ ಚಾರ್ಜು, ಮಧ್ಯಾಹ್ನದ ಊಟ ಆಗಬೇಕು. ಶೂ ಮಾತು ಎತ್ತುವಂತೆಯೇ ಇಲ್ಲ. ಕಬಡ್ಡಿ ಈಗ ಮಣ್ಣಿನಿಂದ ಮ್ಯಾಟಿಗೆ ಬಂದಿದೆ, ಒಂದು ಅಂಕಣದ ಮ್ಯಾಟಿಗೆ ಲಕ್ಷಗಟ್ಟಲೆ ಬೇಕು. ಇಂಥ ಕಾಲೇಜಿನ ಹುಡುಗರು ವರ್ಷವಿಡೀ ಮಣ್ಣಿನ ಮೇಲೆ ಅಭ್ಯಾಸ ಮಾಡಿ, ಪಂದ್ಯದ ದಿನ ಮ್ಯಾಟಿನ ಮೇಲೆ ಕಾಲಿಡುತ್ತಾರೆ. ಕಾಲು ಹೊರಳಿ ಬಿದ್ದರೆ ಹಳ್ಳಿ ಹುಡುಗರಿಗೆ ಟೆಕ್ನಿಕ್ ಇಲ್ಲ ಎನ್ನುವ ಮಾತು ಕೇಳಬೇಕಾಗುತ್ತದೆ.

ಇದೇ ಕಾಲೇಜಿನಲ್ಲಿ ಕ್ರೀಡೆಗೆ ಸಿಗುವ ಅತಿ ದೊಡ್ಡ ಸಹಾಯ ರಸೀದಿಯಲ್ಲಿ ಇಲ್ಲ. ಅದು ದೈಹಿಕ ಶಿಕ್ಷಣ ನಿರ್ದೇಶಕರ ಸಂಬಳ. ಯುಜಿಸಿ ವೇತನ ಶ್ರೇಣಿಯಲ್ಲಿ ಈ ಹುದ್ದೆಯ ಆರಂಭದ ಮೂಲ ವೇತನ ತಿಂಗಳಿಗೆ 57,700 ರೂಪಾಯಿ. ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಇದನ್ನು ತೆರಿಗೆದಾರರು ಕೊಡುತ್ತಾರೆ. ಕೊಡಲೇಬೇಕಾದ ಸಂಬಳ, ಕೊಡಲಿ. ನಮ್ಮ ಕಲ್ಪನೆಯ ಕಾಲೇಜಿನಲ್ಲಿ, ಮಕ್ಕಳು ಪಿ.ಡಿ. ಸರ್ ಎಂದು ಕರೆಯುವ ಈ ನಿರ್ದೇಶಕರ ಒಂದು ತಿಂಗಳ ಮೂಲ ವೇತನವೂ, ಅವರ ಕೈಗೆ ಆಟ ಆಡಿಸಲು ಇಡೀ ವರ್ಷಕ್ಕೆ ಸಿಗುವ ಹಣವೂ ಹೆಚ್ಚುಕಮ್ಮಿ ಒಂದೇ ಎಂಬುದನ್ನು ಗಮನಿಸಿ. ಬಡಗಿಗೆ ಒಳ್ಳೆಯ ಕೂಲಿ ಕೊಟ್ಟು ಮರವನ್ನೇ ಕೊಡದಿದ್ದರೆ ಬೊಂಬೆ ಆಗುವುದಿಲ್ಲ ಎಂಬುದನ್ನು ಚನ್ನಪಟ್ಟಣದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಯಂ ನಿರ್ದೇಶಕರೇ ಇಲ್ಲದ ಕಾಲೇಜಿನಲ್ಲಿ ಕನ್ನಡದ ಮೇಷ್ಟರೋ ವಾಣಿಜ್ಯದ ಮೇಷ್ಟರೋ ಕ್ರೀಡೆಯ ‘ಇನ್‌ಚಾರ್ಜ್’ ಆಗುತ್ತಾರೆ. ಅಲ್ಲಿ ಮರವೂ ಇಲ್ಲ, ಬಡಗಿಯೂ ಇಲ್ಲ.

ಇದ್ದ ಹಣವನ್ನು ಖರ್ಚು ಮಾಡುವುದೂ ಸಲೀಸಲ್ಲ. ಚೆಂಡು ಕೊಳ್ಳಲು ಮೂರು ಕೊಟೇಷನ್ ಬೇಕು. ಓಚರ್‌ಗೆ ಸಹಿ, ಸ್ಟಾಕ್ ಪುಸ್ತಕದಲ್ಲಿ ನಮೂದು, ಪ್ರಾಂಶುಪಾಲರ ಮಂಜೂರಾತಿ, ಆಮೇಲೆ ಆಡಿಟ್. ಪಂದ್ಯದ ದಿನಾಂಕ ಗೊತ್ತಾಗುವುದು ಪಂದ್ಯಕ್ಕೆ ಕೆಲವೇ ದಿನ ಮುಂಚೆ. ಮುಂಗಡ ಮಂಜೂರಾಗುವ ಹೊತ್ತಿಗೆ ತಂಡ ಆಡಿ ವಾಪಸು ಬಂದಿರುತ್ತದೆ. ಆ ನಡುವಿನ ದಿನಗಳನ್ನು ದಾಟಿಸುವುದು ಮೇಷ್ಟರ ಜೇಬು.

ನಾನು ಪದವಿ ಓದುವಾಗ ಕಾಲೇಜಿನ ವಾಲಿಬಾಲ್ ತಂಡದಲ್ಲಿದ್ದೆ. ಪಂದ್ಯಕ್ಕೆ ಹೋದ ದಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಹನ್ನೆರಡು ಜನಕ್ಕೂ ಊಟ ಆಗುತ್ತಿತ್ತು, ಗೆದ್ದರೆ ಮೇಲೊಂದು ಬಾಳೆಹಣ್ಣು. ದುಡ್ಡು ಕಾಲೇಜು ಕೊಡುತ್ತದೆ ಎಂದು ನಾವು ತಿಳಿದಿದ್ದೆವು. ಎಷ್ಟೋ ವರ್ಷದ ಮೇಲೆ, ನಿವೃತ್ತರಾದ ಆ ಮೇಷ್ಟರ ಮನೆಗೆ ಹೋದಾಗ ಅವರ ಮನೆಯವರು ಹೇಳಿದರು: ‘ನಿಮ್ಮ ಊಟದ ಬಿಲ್ಲು ಎಷ್ಟೋ ಸಲ ಪಾಸಾಗಲೇ ಇಲ್ಲ ಕಣಪ್ಪ. ಇವರು ಕೇಳೋದನ್ನೂ ಬಿಟ್ಟುಬಿಟ್ರು.’ ಮೇಷ್ಟರು ಮಾತು ಬದಲಿಸಿ, ನನ್ನ ಕೆಲಸದ ಬಗ್ಗೆ ವಿಚಾರಿಸಿದರು. ಅಂದು ಅವರ ಜೇಬಿನಿಂದ ಹೋದ ಹಣ ಯಾವ ಬಜೆಟ್ಟಿನಲ್ಲೂ ದಾಖಲಾಗಿಲ್ಲ. ಕರ್ನಾಟಕದ ಕಾಲೇಜು ಕ್ರೀಡೆಗೆ ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿಯನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆದರೆ ಇಂಥ ಮೇಷ್ಟರುಗಳ ಹೆಸರು ಅದರಲ್ಲಿ ಮೇಲಿರಬೇಕು.

ಆಟಗಾರರ ಮನೆಯವರೂ ಕೊಡುತ್ತಾರೆ. ಶೂ ಅವರದು, ಮಂಡಿಗೆ ಪೆಟ್ಟಾದರೆ ಆಸ್ಪತ್ರೆಯ ಬಿಲ್ಲು ಅವರದು, ಅಭ್ಯಾಸಕ್ಕೆಂದು ಬಿಟ್ಟ ದಿನದ ಕೂಲಿ ಅವರದು. ಇತ್ತೀಚೆಗೆ ಇಲ್ಲಿ ಒಂದು ಬದಲಾವಣೆ ಆಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಕ್ರೀಡೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಯೋಜನೆ ಅದಲ್ಲ. ಆದರೂ ಮಾಗಡಿಯಿಂದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಗೆ ಖೋಖೋ ಆಡಲು ಹೊರಟ ಹುಡುಗಿಯರ ತಂಡದ ಬಸ್ ಚಾರ್ಜು ಅಂದಿನಿಂದ ಕಾಲೇಜಿನ ಲೆಕ್ಕದಿಂದ ಇಳಿದು ರಾಜ್ಯದ ಲೆಕ್ಕಕ್ಕೆ ಹೋಗಿದೆ. ಹುಡುಗರ ವಿದ್ಯಾರ್ಥಿ ಪಾಸು ಊರಿನಿಂದ ಕಾಲೇಜಿನವರೆಗೆ ಮಾತ್ರ, ಪಂದ್ಯದ ಊರಿಗೆ ಅದು ನಡೆಯುವುದಿಲ್ಲ. ಹೆಣ್ಣುಮಕ್ಕಳ ತಂಡವನ್ನು ಕಳಿಸದಿರಲು ಖರ್ಚಿನ ನೆಪ ಹೇಳುತ್ತಿದ್ದ ಕಾಲೇಜುಗಳಿಗೆ ಈಗ ಆ ನೆಪ ಅರ್ಧ ಮುರಿದಿದೆ.

ಕಾಲೇಜಿನಿಂದ ಒಂದು ಮೆಟ್ಟಿಲು ಮೇಲಕ್ಕೆ ಹೋಗೋಣ. ಈ ನಾಲ್ಕು ಊರುಗಳ ಪದವಿ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದವು. ವಿಶ್ವವಿದ್ಯಾಲಯ ಪ್ರತಿ ಆಟದ ಅಂತರ ಕಾಲೇಜು ಪಂದ್ಯಾವಳಿಯನ್ನು ಮುಂದೆ ಬಂದ ಒಂದು ಕಾಲೇಜಿಗೆ ವಹಿಸುತ್ತದೆ. ಅಲ್ಲಿ ಚೆನ್ನಾಗಿ ಆಡಿದವರನ್ನು ಆಯ್ದು, ತರಬೇತಿ ಶಿಬಿರ ನಡೆಸಿ, ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಕಳಿಸುತ್ತದೆ. ರೈಲು ಚಾರ್ಜು, ದಿನಭತ್ಯೆ, ತರಬೇತುದಾರರ ಸಂಭಾವನೆ, ವಿಶ್ವವಿದ್ಯಾಲಯದ ಲಾಂಛನವಿರುವ ಬ್ಲೇಜರ್, ಎಲ್ಲಕ್ಕೂ ಮೂಲ ಕಾಲೇಜುಗಳಿಂದ ಬಂದ ಆ ಕ್ರೀಡಾ ಶುಲ್ಕದ ಪಾಲು. ಇಲ್ಲಿನ ಹಳ್ಳಿಯ ಹುಡುಗಿ ಕಟ್ಟಿದ ಹಣದಲ್ಲಿ ಇನ್ಯಾವುದೋ ಕಾಲೇಜಿನ ಹುಡುಗ ಚೆನ್ನೈಗೆ ಆಡಲು ಹೋಗುತ್ತಾನೆ ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಹೀಗೆ ನಡೆಯುವ ವ್ಯವಸ್ಥೆಗೆ ತಲೆಗಳ ಸಂಖ್ಯೆಯೇ ಬಲ. ಆರುನೂರಕ್ಕೂ ಹೆಚ್ಚು ಕಾಲೇಜುಗಳಿದ್ದ ಬೆಂಗಳೂರು ವಿಶ್ವವಿದ್ಯಾಲಯವನ್ನು 2017ರಲ್ಲಿ ಮೂರಾಗಿ ಹಂಚಿದರು. ಸೆಂಟ್ರಲ್ ಕಾಲೇಜಿನ ಕಡೆಗೆ ಒಂದು, ಕೋಲಾರದ ಕಡೆಗೆ ಒಂದು, ಜ್ಞಾನಭಾರತಿಯಲ್ಲಿ ಉಳಿದದ್ದು ಒಂದು. ಆಡಳಿತಕ್ಕೆ ಅದು ಅನುಕೂಲವೇ ಆಗಿರಬಹುದು. ಕ್ರೀಡೆಯ ಲೆಕ್ಕದಲ್ಲಿ ಮಾತ್ರ, ಒಂದು ಒಲೆಯ ಸೌದೆಯನ್ನು ಮೂರು ಒಲೆಗೆ ಹಂಚಿದಂತಾಯಿತು. ಶುಲ್ಕ ಕಟ್ಟುವವರು ಮೂರು ಪಾಲಾದರು. ದಕ್ಷಿಣ ವಲಯಕ್ಕೆ ಕಳಿಸಬೇಕಾದ ತಂಡಗಳ ಖರ್ಚು ಮೂರು ಕಡೆಯೂ ಪೂರ್ತಿ ಹಾಗೆಯೇ ಇದೆ. ಕಬಡ್ಡಿ ತಂಡಕ್ಕೆ ಸಣ್ಣ ವಿಶ್ವವಿದ್ಯಾಲಯದಲ್ಲೂ ಹನ್ನೆರಡೇ ಜನ ಬೇಕು.

ಆಮೇಲೆ ಹುಟ್ಟಿದ ಪುಟ್ಟ ವಿಶ್ವವಿದ್ಯಾಲಯಗಳ ಪಾಡು ಇದಕ್ಕಿಂತ ಕಷ್ಟದ್ದು. ಹಣವಿಲ್ಲ ಎಂಬ ಕಾರಣಕ್ಕೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯವುಗಳ ಜೊತೆ ಸೇರಿಸಬೇಕೆಂದು 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಲವು ತೋರಿದಾಗ ದೊಡ್ಡ ಚರ್ಚೆ ಆಯಿತು. ಚನ್ನಪಟ್ಟಣದ ಗಡಿ ದಾಟಿದರೆ ಸಿಗುವ ಮಂಡ್ಯ ವಿಶ್ವವಿದ್ಯಾಲಯವೂ ಆ ಪಟ್ಟಿಯಲ್ಲಿತ್ತು. ಉಪಸಮಿತಿಯ ಅಧ್ಯಕ್ಷರಾಗಿದ್ದವರು ಕನಕಪುರದ ಶಾಸಕರಾದ ಡಿ.ಕೆ. ಶಿವಕುಮಾರ್. ಪಾಠ ಹೇಳುವವರಿಗೇ ಸಂಬಳ ಹೊಂದಿಸಲಾಗದ ಕಡೆ ಆಟದ ಮಾತು ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ.

ಇನ್ನು ಕನಕಪುರ ರಸ್ತೆಗೆ ಬರೋಣ. ಬೆಂಗಳೂರಿನಿಂದ ಹಾರೋಹಳ್ಳಿಯ ಕಡೆಗೆ ಬರುವಾಗ ಜಕ್ಕಸಂದ್ರದ ಬಳಿ ಜೈನ್ ವಿಶ್ವವಿದ್ಯಾಲಯದ ಗ್ಲೋಬಲ್ ಕ್ಯಾಂಪಸ್ ಇದೆ. 2022ರ ಏಪ್ರಿಲ್ 24ರಿಂದ ಮೇ 3ರವರೆಗೆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲಿ ನಡೆದಾಗ ಆತಿಥ್ಯ ವಹಿಸಿದ್ದು ಈ ಸಂಸ್ಥೆ. ಕಂಠೀರವ ಕ್ರೀಡಾಂಗಣದ ಜೊತೆಗೆ ಈ ಕ್ಯಾಂಪಸ್ಸಿನಲ್ಲೂ ಸ್ಪರ್ಧೆಗಳಾದವು. ಪದಕ ಪಟ್ಟಿಯಲ್ಲಿ 20 ಚಿನ್ನ ಗೆದ್ದು ಮೊದಲ ಸ್ಥಾನಕ್ಕೆ ಬಂದದ್ದೂ ಜೈನ್ ವಿಶ್ವವಿದ್ಯಾಲಯವೇ. ಕೆ.ಎಲ್. ರಾಹುಲ್, ಪಂಕಜ್ ಅಡ್ವಾಣಿಯಂಥವರು ಓದಿದ್ದು ಈ ಸಂಸ್ಥೆಯ ಬೆಂಗಳೂರಿನ ಕಾಲೇಜಿನಲ್ಲಿ. ಇದು ಸಣ್ಣ ಸಾಧನೆಯಲ್ಲ. ಕರ್ನಾಟಕದ ಒಂದು ಸಂಸ್ಥೆ ಪಂಜಾಬಿನ ಬಲಿಷ್ಠ ವಿಶ್ವವಿದ್ಯಾಲಯಗಳನ್ನು ಹಿಂದಿಕ್ಕಿದ್ದನ್ನು ಕಂಡು ನನಗೂ ಹೆಮ್ಮೆಯಾಗಿತ್ತು.

ಇಲ್ಲಿಯೂ ಕ್ರೀಡೆ ಟಿಕೆಟ್ ಮಾರಿ ಗಳಿಸುವುದಿಲ್ಲ. ಖಾಸಗಿ ವಿಶ್ವವಿದ್ಯಾಲಯಗಳ ಮುಖ್ಯ ಆದಾಯ ವಿದ್ಯಾರ್ಥಿಗಳ ಶುಲ್ಕ. ಈಜುಗಾರನಿಗೋ ಓಟಗಾರ್ತಿಗೋ ಶುಲ್ಕ ಮಾಫಿ, ಹಾಸ್ಟೆಲ್, ತರಬೇತಿ ಕೊಟ್ಟರೆ ಆ ವೆಚ್ಚ ಎಂಜಿನಿಯರಿಂಗಿಗೋ ಬಿಬಿಎಗೋ ಲಕ್ಷಗಟ್ಟಲೆ ಕಟ್ಟಿದ ಇನ್ನೊಂದು ಮನೆಯ ಹಣದ ಮೇಲೆಯೇ ನಿಲ್ಲಬೇಕು. ಅಲ್ಲಿಗೆ ತತ್ವ ಸರ್ಕಾರಿ ಕಾಲೇಜಿನದೇ, ಆಡದವರ ಕಾಸಿನಲ್ಲಿ ಆಡುವವರು. ಪ್ರಮಾಣ ಬೇರೆ, ಪ್ರತಿಫಲ ಬೇರೆ. ಖಾಸಗಿ ಸಂಸ್ಥೆಗೆ ಪದಕದಿಂದ ಹೆಸರು ಬರುತ್ತದೆ, ಹೆಸರಿನಿಂದ ಮುಂದಿನ ವರ್ಷದ ಪ್ರವೇಶಗಳು ಬರುತ್ತವೆ. ನ್ಯಾಕ್ ಮೌಲ್ಯಮಾಪನದಲ್ಲೂ ವಿದ್ಯಾರ್ಥಿಗಳ ಕ್ರೀಡಾ ಪ್ರಶಸ್ತಿಗಳಿಗೆ ಅಂಕವಿದೆ. ಹೀಗಾಗಿ ಕ್ರೀಡೆಗೆ ಹಾಕಿದ ಹಣವನ್ನು ಅವರು ಪ್ರಚಾರದ ಖರ್ಚಿನ ಹಾಗೆ ನೋಡಬಲ್ಲರು. ಸರ್ಕಾರಿ ಕಾಲೇಜಿಗೆ ಪದಕ ಬಂದರೂ ಬಾರದಿದ್ದರೂ ಪ್ರವೇಶ ಆಗಿಯೇ ಆಗುತ್ತದೆ, ಬೇರೆಡೆ ಶುಲ್ಕ ಕಟ್ಟಲಾಗದವರು ಅಲ್ಲಿಗೇ ಬರಬೇಕು. ಅಲ್ಲಿ ಕ್ರೀಡೆಗೆ ಹಣ ಹಾಕಬೇಕಾದರೆ ಹಾಕುವವರಿಗೆ ಮಕ್ಕಳ ಮೇಲೆ ಮಮತೆ ಇರಬೇಕು, ಬೇರೆ ಲಾಭವಿಲ್ಲ.

ಈ ಎರಡರ ನಡುವಿನ ದಾರಿಯೊಂದು ಮೂಡುಬಿದಿರೆಯಲ್ಲಿದೆ. ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ ಡಾ. ಮೋಹನ ಆಳ್ವರು ದಶಕಗಳಿಂದ ಕ್ರೀಡಾ ವಿದ್ಯಾರ್ಥಿಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಓದು, ತರಬೇತಿಯನ್ನು ಉಚಿತವಾಗಿ ಕೊಡುತ್ತ ಬಂದಿದ್ದಾರೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ಅಲ್ಲಿನ ಸ್ವರಾಜ್ಯ ಮೈದಾನದಲ್ಲಿ ನಡೆದಾಗ ಸಮಗ್ರ ಪ್ರಶಸ್ತಿ ಮಂಗಳೂರು ವಿಶ್ವವಿದ್ಯಾಲಯಕ್ಕೆ ಬಂತು. ತಂಡದಲ್ಲಿ ತುಂಬಿದ್ದವರು ಆಳ್ವಾಸ್‌ನವರು. ಸರ್ಕಾರಿ ವಿಶ್ವವಿದ್ಯಾಲಯದ ಹೆಸರಿಗೆ ಬಂದ ಕೀರ್ತಿಯ ಹಿಂದೆ ಒಂದು ಖಾಸಗಿ ಸಂಸ್ಥೆಯ ಹಣವಿತ್ತು. ಅದರ ಹಿಂದೆ ಮತ್ತೆ ಅದೇ ಸಂಸ್ಥೆಯ ಬೇರೆ ವಿದ್ಯಾರ್ಥಿಗಳ ಶುಲ್ಕವಿತ್ತು. ಎಲ್ಲಿಂದ ಹುಡುಕಿಕೊಂಡು ಹೊರಟರೂ ದಾರಿ ಬಂದು ನಿಲ್ಲುವುದು ಆ ರಸೀದಿಯ ಮುಂದೆ.

ಅಮೆರಿಕದಲ್ಲಿ ಕಾಲೇಜು ಕ್ರೀಡೆ ಕೋಟಿಗಟ್ಟಲೆ ಗಳಿಸುತ್ತದಂತೆ, ನಮ್ಮಲ್ಲೇಕೆ ಆಗದು ಎಂದು ಕೇಳುವವರಿದ್ದಾರೆ. ಅಲ್ಲಿನ ಮೊದಲ ಅಂತರ ಕಾಲೇಜು ಸ್ಪರ್ಧೆ 1852ರಲ್ಲಿ ಹಾರ್ವರ್ಡ್, ಯೇಲ್ ವಿದ್ಯಾರ್ಥಿಗಳ ನಡುವೆ ನಡೆದ ದೋಣಿ ಪಂದ್ಯ. ಅದರ ಖರ್ಚು ಕೊಟ್ಟದ್ದು ಒಂದು ರೈಲ್ವೆ ಕಂಪನಿ, ಆ ಸರೋವರದ ಕಡೆಗೆ ಪ್ರಯಾಣಿಕರು ಬರಲಿ ಎಂಬ ಆಸೆಯಿಂದ. ಆಮೇಲೆ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಬೆಳೆದು, ಲಕ್ಷ ಜನ ಕೂರುವ ಕ್ರೀಡಾಂಗಣಗಳು ಎದ್ದು, ಟಿವಿ ಹಣದ ಹೊಳೆ ಹರಿಯಿತು. ಅಷ್ಟಾದರೂ ಅಲ್ಲಿನ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ಕೊಟ್ಟ 2019ರ ಲೆಕ್ಕದಲ್ಲಿ, ಮೇಲಿನ ದರ್ಜೆಯ ಮುನ್ನೂರೈವತ್ತರಷ್ಟು ಸಂಸ್ಥೆಗಳಲ್ಲಿ ಕ್ರೀಡೆಯಿಂದ ಖರ್ಚಿಗಿಂತ ಹೆಚ್ಚು ಗಳಿಸಿದವು 25 ಮಾತ್ರ. ಉಳಿದ ಎಲ್ಲ ಕಡೆ ಕೊರತೆಯನ್ನು ವಿಶ್ವವಿದ್ಯಾಲಯದ ಸಾಮಾನ್ಯ ನಿಧಿ ತುಂಬುತ್ತದೆ, ವಿದ್ಯಾರ್ಥಿಗಳ ಕ್ರೀಡಾ ಶುಲ್ಕ ತುಂಬುತ್ತದೆ. ನಮ್ಮ ನೂರಿನ್ನೂರು ರೂಪಾಯಿಯ ಜಾಗದಲ್ಲಿ ಅಲ್ಲಿ ಕೆಲವು ಕಡೆ ಸಾವಿರಾರು ಡಾಲರ್. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಅಲ್ಲಿನ ಒಂದು ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ಮೊದಲ ವರ್ಷ 2 ಕೋಟಿ 5 ಲಕ್ಷ ಡಾಲರ್‌ವರೆಗೆ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 175 ಕೋಟಿ ರೂಪಾಯಿಯವರೆಗೆ, ನೇರವಾಗಿ ಹಂಚಬಹುದಿತ್ತು. ಆ ಹಣ ಹೊಂದಿಸಲು ಗಳಿಕೆಯಿಲ್ಲದ ಆಟಗಳ ತಂಡಗಳನ್ನೇ ಕೈಬಿಡುವ ಯೋಚನೆ ಅಲ್ಲಿ ಶುರುವಾಗಿದೆ. ಕ್ರೀಡೆ ಗಳಿಸಬೇಕು ಎಂದು ಹೊರಟರೆ ಗಳಿಸದ ಆಟ ಮೊದಲು ಸಾಯುತ್ತದೆ. ನಮ್ಮಲ್ಲಿ ಆ ಅಳತೆ ಹಿಡಿದರೆ ಖೋಖೋ ಉಳಿಯುವುದಿಲ್ಲ, ಹೆಣ್ಣುಮಕ್ಕಳ ಯಾವ ತಂಡವೂ ಉಳಿಯುವುದಿಲ್ಲ.

ಗಳಿಕೆ ನೋಡದೆ ಆಟವನ್ನು ಸಾಕುವುದು ನಮಗೆ ಹೊಸದಲ್ಲ. ಹಳೆ ಮೈಸೂರು ಸೀಮೆಯ ಊರೂರಲ್ಲಿ ಗರಡಿಮನೆಗಳಿದ್ದವು. ಮಟ್ಟಿಯ ಮಣ್ಣಿಗೆ ಎಣ್ಣೆ ಹಾಕುವವರು ಒಬ್ಬರು, ಪೈಲ್ವಾನನ ಹಾಲು, ಬಾದಾಮಿಗೆ ಕೊಡುವವರು ಇನ್ನೊಬ್ಬರು. ದಸರಾ ಕುಸ್ತಿಗೆ ಅರಮನೆಯ ಆಶ್ರಯ. ಗರಡಿ ಎಷ್ಟು ಗಳಿಸಿತು ಎಂದು ಊರು ಕೇಳಲಿಲ್ಲ. ಯಾರು ಎಷ್ಟು ಕೊಟ್ಟರು ಎಂಬುದು ಮಾತ್ರ ಊರಿಗೆಲ್ಲ ಗೊತ್ತಿತ್ತು. ಕಾಲೇಜಿನ ಕ್ರೀಡೆಗೆ ಬೇಕಾದದ್ದು ಆ ಗೊತ್ತಿರುವಿಕೆ.

ಹಾಕಿದ ಹಣಕ್ಕೆ ಫಲವೇ ಇಲ್ಲ ಎಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೇಹದಾರ್ಢ್ಯ ಪರೀಕ್ಷೆಯಲ್ಲಿ ಗಂಡುಮಕ್ಕಳು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು, ಹೆಣ್ಣುಮಕ್ಕಳು 400 ಮೀಟರನ್ನು ಎರಡು ನಿಮಿಷದಲ್ಲಿ ಓಡಬೇಕು. ಈ ನಾಲ್ಕು ತಾಲ್ಲೂಕುಗಳ ಎಷ್ಟೋ ಮನೆಗಳಿಗೆ ಮೊದಲ ಸರ್ಕಾರಿ ಸಂಬಳ ಬಂದದ್ದು ಖಾಕಿ ಬಟ್ಟೆಯ ಮೂಲಕ. ಪೊಲೀಸ್ ತರಬೇತಿ ಶಾಲೆ ಚನ್ನಪಟ್ಟಣದಲ್ಲೇ ಇದೆ. ಕಾಲೇಜಿನ ಮೈದಾನದಲ್ಲಿ ಬೆಳಗಿನ ಜಾವ ಓಡಿದ ಹುಡುಗ ಆ ಗೇಟಿನೊಳಗೆ ಹೋದರೆ ಅವನ ಮನೆಗೆ ಮೂವತ್ತು ವರ್ಷ ಸಂಬಳ ಬರುತ್ತದೆ. ಕಾಲೇಜಿನ ಲೆಕ್ಕಪುಸ್ತಕದಲ್ಲಿ ಅವನ ಓಟ ಖರ್ಚಿನ ಕಾಲಂನಲ್ಲೇ ಇರುತ್ತದೆ, ಏಕೆಂದರೆ ಫಲ ಬಂದದ್ದು ಕಾಲೇಜಿಗಲ್ಲ, ಒಂದು ಹಳ್ಳಿಯ ಮನೆಗೆ.

ಕೆಲಸದ ದಾರಿಗಳಲ್ಲಿ ಕೆಲವು ಮುಚ್ಚಿವೆ ಎಂಬುದನ್ನೂ ಹೇಳಬೇಕು. ಒಂದು ಕಾಲಕ್ಕೆ ಕಾಲೇಜಿನ ಒಳ್ಳೆಯ ಕಬಡ್ಡಿ, ಬಾಸ್ಕೆಟ್‌ಬಾಲ್ ಆಟಗಾರನ ಕನಸು ಬ್ಯಾಂಕಿನ ತಂಡ ಸೇರುವುದು. ವಿಜಯಾ ಬ್ಯಾಂಕಿನ ತಂಡಗಳು ನಾಡಿನ ತುಂಬ ಹೆಸರು ಮಾಡಿದ್ದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಕರ್ನಾಟಕದಲ್ಲಿ ಹುಟ್ಟಿದ ಸರ್ಕಾರಿ ಬ್ಯಾಂಕುಗಳಲ್ಲಿ ತನ್ನ ಹೆಸರಿನಲ್ಲಿ ಉಳಿದದ್ದು ಕೆನರಾ ಒಂದೇ. ಆಟಗಾರರಿಗೆ ಕೆಲಸ ಕೊಡಬಲ್ಲ ನಾಲ್ಕು ಬಾಗಿಲು ಮೂರೇ ವರ್ಷದಲ್ಲಿ ಇಲ್ಲವಾದವು. 2025ರ ಜನವರಿಯಲ್ಲಿ ಭಾರತ ಮೊದಲ ಖೋಖೋ ವಿಶ್ವಕಪ್ ಗೆದ್ದಾಗ ತಂಡಗಳಲ್ಲಿದ್ದ ನಮ್ಮ ಬಿ. ಚೈತ್ರಾ ಮತ್ತು ಎಂ.ಕೆ. ಗೌತಮ್ ರಾಜ್ಯ ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿಯನ್ನು ಬೇಡವೆಂದರು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳಲ್ಲಿ ಬಹುಮಾನ ಮತ್ತು ಸರ್ಕಾರಿ ನೌಕರಿ ಕೊಡುತ್ತಿತ್ತು. ವಿಶ್ವಕಪ್ ಗೆದ್ದವರ ಮಾತು ಹೀಗಾದರೆ, ತಾಲ್ಲೂಕಿನ ಕಾಲೇಜಿನಲ್ಲಿ ಖೋಖೋ ಆಡುವ ಹುಡುಗಿಯ ಅಪ್ಪನಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು, ಮಗಳನ್ನು ಅಭ್ಯಾಸಕ್ಕೆ ಬಿಡಿ ಎಂದು?

ಕಾಲೇಜಿಗೆ ಹಣ ಬರುತ್ತಿದ್ದ ಒಂದು ದಾರಿಯೂ ಹೀಗೆಯೇ ಮುಚ್ಚಿದೆ. ಯುಜಿಸಿಯ ಪಂಚವಾರ್ಷಿಕ ಅನುದಾನದ ಕಾಲದಲ್ಲಿ ಯುಜಿಸಿ ಕಾಯ್ದೆಯ 2(ಎಫ್), 12(ಬಿ) ಕಲಮುಗಳಡಿ ಮಾನ್ಯತೆ ಇದ್ದ ಕಾಲೇಜುಗಳು ಜಿಮ್ಮು, ಒಳಾಂಗಣ ಕಟ್ಟಡ ಎಂದು ಏನಾದರೂ ಕಟ್ಟಿಸಿಕೊಂಡವು. ಯೋಜನೆಗಳ ಕಾಲ 2017ಕ್ಕೆ ಮುಗಿಯಿತು. ಕಟ್ಟಡಗಳಿವೆ, ಒಳಗಿನ ಸಲಕರಣೆಗೆ ರಿಪೇರಿಯ ಹಣ ಬೇಕು.

ಹಣ ಇಲ್ಲವೇ ಇಲ್ಲ ಎನ್ನುವಂಥ ಬಡ ಸೀಮೆಯೂ ಇದಲ್ಲ. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ 1999ರಿಂದ ಕಾರು ತಯಾರಿಸುತ್ತಿದೆ, ಬಾಷ್ ಇದೆ, ಕೋಕಾ ಕೋಲಾ ಇದೆ. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ ಬೆಳೆಯುತ್ತಲೇ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಿಗದಿತ ಗಾತ್ರದ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿಯ ಹೆಸರು ಸ್ಪಷ್ಟವಾಗಿದೆ. ಈ ಕಂಪನಿಗಳು ಶಾಲೆಗೆ, ಶೌಚಾಲಯಕ್ಕೆ, ಕುಡಿಯುವ ನೀರಿಗೆ ಈ ಸೀಮೆಯಲ್ಲಿ ಮಾಡಿರುವ ಕೆಲಸವನ್ನು ನಾನು ಗೌರವಿಸುತ್ತೇನೆ. ಅದರ ಜೊತೆಗೆ ನಾಲ್ಕು ಊರಿನ ನಾಲ್ಕು ಸರ್ಕಾರಿ ಕಾಲೇಜಿಗೆ ಒಂದೊಂದು ಕಬಡ್ಡಿ ಮ್ಯಾಟು, ಸಂಜೆ ಅಭ್ಯಾಸ ಮುಗಿಸಿದ ಮಕ್ಕಳನ್ನು ಹಳ್ಳಿಗೆ ಬಿಡುವ ಒಂದು ಬಸ್ಸು ಸಿಕ್ಕರೆ ಸಾಕು. ಬಸ್ಸಿನ ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮ ಹಳ್ಳಿಯ ಹೆಣ್ಣುಮಕ್ಕಳನ್ನು ಆಟದಿಂದ ದೂರ ಇಟ್ಟಿರುವುದು ಪ್ರತಿಭೆಯ ಕೊರತೆಯಲ್ಲ, ಸಂಜೆಯ ಕೊನೆಯ ಬಸ್ಸು.

ಹೊರಗಿನ ಹಣ ಕೇಳುವ ಮೊದಲು ಒಳಗಿನ ಲೆಕ್ಕ ತೆರೆದಿರಬೇಕು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಇದೆ, ಅದಕ್ಕೆ ಸ್ಥಳೀಯ ಶಾಸಕರೇ ಅಧ್ಯಕ್ಷರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಶಾಸಕರು ರಾಜ್ಯದ ರಾಜಕೀಯದಲ್ಲಿ ಯಾವತ್ತೂ ಸಣ್ಣವರಾಗಿರಲಿಲ್ಲ. ಈ ನೆಲ ಮುಖ್ಯಮಂತ್ರಿಗಳನ್ನು ಕೊಟ್ಟಿದೆ. ವರ್ಷಕ್ಕೊಮ್ಮೆ ಆ ಸಮಿತಿ ಒಂದು ಹಾಳೆಯನ್ನು ಕಾಲೇಜಿನ ಸೂಚನಾ ಫಲಕದ ಮೇಲೆ ಅಂಟಿಸಲಿ. ಕ್ರೀಡಾ ಶುಲ್ಕ ಎಷ್ಟು ಬಂತು, ವಿಶ್ವವಿದ್ಯಾಲಯಕ್ಕೆ ಎಷ್ಟು ಹೋಯಿತು, ಜರ್ಸಿಗೆ ಎಷ್ಟು, ಪ್ರಯಾಣಕ್ಕೆ ಎಷ್ಟು, ಖರ್ಚಾಗದೆ ಬ್ಯಾಂಕಿನಲ್ಲಿ ಉಳಿದದ್ದು ಎಷ್ಟು, ಮೇಷ್ಟರಿಗೆ ಕೊಡಬೇಕಾದ ಬಾಕಿ ಎಷ್ಟು. ಒಂದು ಹಾಳೆ ಸಾಕು, ಅದಕ್ಕೆ ಅನುದಾನ ಬೇಕಿಲ್ಲ. ಸಮಿತಿ ಅಂಟಿಸದಿದ್ದರೆ ಸರ್ಕಾರಿ, ಅನುದಾನಿತ ಕಾಲೇಜುಗಳಿಗೆ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುತ್ತದೆ, ಹತ್ತು ರೂಪಾಯಿ ಶುಲ್ಕದಲ್ಲಿ ಯಾವ ನಾಗರಿಕರಾದರೂ ಕೇಳಬಹುದು.

ನಿಮ್ಮ ಮನೆಯಲ್ಲಿ ಪದವಿ ಓದುವ ಮಕ್ಕಳಿದ್ದರೆ ಬೀರುವಿನಲ್ಲಿರುವ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಕ್ರೀಡಾ ಶುಲ್ಕದ ಸಾಲಿನ ಮುಂದಿರುವ ಅಂಕಿಯನ್ನು ಬರೆದುಕೊಂಡು, ಮುಂದಿನ ಪೋಷಕರ ಸಭೆಗೆ ಹೋದಾಗ ಪ್ರಾಂಶುಪಾಲರನ್ನು ಗೌರವದಿಂದ ಕೇಳಿ: ‘ಸರ್, ಈ ಹಣದಲ್ಲಿ ಈ ವರ್ಷ ಯಾರು ಆಡಿದರು?’